ಒಂದೇ ತೋಳಿನ ಹಸಿರು ಅಂಗಿ

ಪಿನ್ನಿ ಎದ್ದು ನಿಂತಳು. ಅವಳ ಜೊತೆ ಸ್ಕೂಲ್ ಸ್ಕರ್ಟೂ ಎದ್ದು ಬಂತು.

ಎಳೆದು ನೋಡಿದಳು. ಬಿಡಲಿಲ್ಲ. ಹರಿದ ಸ್ಕರ್ಟನ್ನು ತೊಡೆಯ ಮೇಲೆ ಹರಡಿಕೊಂಡು ಹೊಲಿಯಲು ಕೂತಿದ್ದಳು. ಹೊಲಿಗೆ ಅದನ್ನು ದಾಟಿ, ಅವಳು ತೊಟ್ಟಿದ್ದ ಫ್ರಾಕಿಗೂ ಬಿದ್ದಿತ್ತು. “ತೊಡೆ ಮೇಲೆ ಇಟ್ಕೊಂಡು ಹೊಲೀಬೇಡ” ಅಂತ ಅಜ್ಜಿ ನೂರು ಸಲ ಹೇಳಿದ್ದಳು. ನೂರು ಸಲವೂ ಪಿನ್ನಿ ಜಾಣೆಯ ಹಾಗೆ ತಲೆಯಾಡಿಸಿದ್ದಳು.

ಈಗ ಅಜ್ಜಿಯನ್ನು ಕರೆಯುವ ಹಾಗಿರಲಿಲ್ಲ. ಅಜ್ಜಿಗೆ ಹಾರ್ಟ್ ಅಟ್ಯಾಕ್ ಆಗಿ ಎರಡು ತಿಂಗಳಾಗಿತ್ತು. “ಅಜ್ಜಿಗೆ ಟೆನ್ಷನ್ ಕೊಡಬಾರದು. ಹರಿದದ್ದು, ಮುರಿದದ್ದು, ಏನೂ ಹೇಳಬಾರದು” ಅಂತ ಅಪ್ಪ ಕಟ್ಟಪ್ಪಣೆ ಮಾಡಿದ್ದ. ಪಿನ್ನಿ ಅದನ್ನು ಇನ್ನೂ ಒಂದು ಹೆಜ್ಜೆ ಮುಂದೆ ತಗೊಂಡು ಹೋಗಿದ್ದಳು. ತಾನು ಒಂದು ಕೆಟ್ಟ ಸುದ್ದಿ ಹೇಳಿದರೆ ಸಾಕು, ಅಜ್ಜಿಯ ಎದೆ ನಿಂತೇಹೋಗುತ್ತದೆ ಅಂತ ನಂಬಿಬಿಟ್ಟಿದ್ದಳು.

ಮೊದಲು ಹೀಗಿರಲಿಲ್ಲ. ಅಜ್ಜಿ ಇಡೀ ಬೀದಿಗೆ ಟೈಲರ್. ಸ್ಕೂಲಿನಿಂದ ಬರುವಾಗ ಮೂಲೆ ತಿರುಗುವ ಮೊದಲೇ ಮೆಷಿನ್ ಸದ್ದು ಕೇಳುತ್ತಿತ್ತು. ಮೇಜಿನ ಕೆಳಗೆಲ್ಲ ಬಣ್ಣಬಣ್ಣದ ಬಟ್ಟೆ ಚೂರು, ಸೀಮೆಸುಣ್ಣದ ಪುಡಿ. ಬಿದ್ದ ಪಿನ್ನುಗಳನ್ನು ಅಯಸ್ಕಾಂತದಿಂದ ಹೆಕ್ಕುವುದು ಮೊಮ್ಮಗಳ ಕೆಲಸ. ಪಿನ್ನಿ ಅನ್ನುವ ಹೆಸರು ಬಂದದ್ದೇ ಹಾಗೆ.

ಎಷ್ಟೇ ಅರ್ಜೆಂಟಿದ್ದರೂ ಹೊಲಿಗೆ ಶುರು ಮಾಡುವ ಮೊದಲು ಅಜ್ಜಿ ಬಟ್ಟೆಯ ಮೇಲೆ ಅಂಗೈ ಊರಿ ಕಣ್ಣು ಮುಚ್ಚುತ್ತಿದ್ದಳು. “ತೊಟ್ಟವರು ತಣ್ಣಗಿರಲಿ” ಅನ್ನುತ್ತಿದ್ದಳು. ಅದೇ ಅವಳ ಪ್ರಾರ್ಥನೆ. ದಿಂಬಿನ ಕವರಿಗೂ ಅದೇ.

“ದಿಂಬಿನ ಕವರ್ ಯಾರು ತೊಡ್ತಾರೆ ಅಜ್ಜಿ?”

“ದಿಂಬು,” ಅಂದಿದ್ದಳು ಅಜ್ಜಿ, ತಲೆ ಎತ್ತದೆ.

ಈಗ ಮೆಷಿನ್ ಸ್ಟೋರ್ ರೂಮಿನಲ್ಲಿ ಹಳೇ ಬೆಡ್‌ಶೀಟ್ ಹೊದ್ದು ಕೂತಿತ್ತು. ಅಜ್ಜಿಯ ಅಂಗೈ ಹಗಲೆಲ್ಲ ಅವಳದೇ ಎದೆಯ ಮೇಲಿರುತ್ತಿತ್ತು. ಪಿನ್ನಿ ಸ್ಕೂಲಿನಿಂದ ಬಂದ ಕೂಡಲೇ ಬಾಗಿಲಲ್ಲಿ ನಿಂತು ಅಜ್ಜಿಯ ಹೊದಿಕೆಯನ್ನು ನೋಡುತ್ತಿದ್ದಳು. ಹೊದಿಕೆ ಏರಿ ಇಳಿದ ಮೇಲೇ ಬ್ಯಾಗ್ ಕೆಳಗಿಡುತ್ತಿದ್ದಳು.

ಈಗ ಸ್ಕರ್ಟ್ ಎಳೆದಾಡಿದ ಗಡಿಬಿಡಿಯಲ್ಲಿ ಸೂಜಿ ಎಲ್ಲೋ ಬಿದ್ದುಹೋಗಿತ್ತು. ಮನೆಯಲ್ಲಿ ಅಜ್ಜಿ ಬರಿಗಾಲಲ್ಲೇ ಓಡಾಡುವುದು, ತುಳಿದುಬಿಟ್ಟರೆ? ಪಿನ್ನಿ ಸ್ಕರ್ಟ್ ಎಳೆದುಕೊಂಡು ಫ್ರಿಜ್ ಹತ್ತಿರ ಹೋದಳು. ಕೆಲಸವಿಲ್ಲದ ಅಯಸ್ಕಾಂತ ಈಗ ಅಲ್ಲಿ ಆಸ್ಪತ್ರೆಯ ಚೀಟಿ ಹಿಡಿದುಕೊಂಡಿತ್ತು. ಉಪ್ಪು ಕಡಿಮೆ, ಮೆಟ್ಟಿಲು ನಿಧಾನ, ಮಾತ್ರೆ ಮೂರು ಹೊತ್ತು. ಅಪ್ಪ ದಿನಾ ಓದುತ್ತಿದ್ದದ್ದು ಇಷ್ಟೇ.

ಅಯಸ್ಕಾಂತ ಕಿತ್ತಾಗ ಚೀಟಿ ಕೆಳಗೆ ಬಿತ್ತು. ಉದ್ದವಾಯಿತು ಅಂತ ಅಪ್ಪ ಮಡಚಿದ್ದ ಭಾಗ ತೆರೆದುಕೊಂಡಿತು. ಅಲ್ಲಿ ನರ್ಸ್ ಪೆನ್ನಿನಲ್ಲಿ ಬರೆದಿದ್ದರು: ‘ಭಯ ಒಳಗಿಟ್ಟುಕೊಳ್ಳಬಾರದು, ಹೇಳಿಕೊಳ್ಳಬೇಕು. ಮನೆಯವರೂ ಅಷ್ಟೇ. ನೆಮ್ಮದಿ ಕೊಡುವ ಹಗುರ ಕೆಲಸ, ಪ್ರಾರ್ಥನೆ ಬಿಡುವುದು ಬೇಡ.’

ಪಿನ್ನಿ ಎರಡು ಸಲ ಓದಿದಳು. ಸೂಜಿ ಕುರ್ಚಿಯ ಕಾಲ ಬಳಿ ಸಿಕ್ಕಿತು. ಅದನ್ನು ಹಿಡಿದುಕೊಂಡು ಅಜ್ಜಿಯ ರೂಮಿಗೆ ಹೋದಳು.

“ಅಜ್ಜಿ, ಗಾಬರಿ ಆಗಬೇಡ. ನಾನು ಸ್ಕರ್ಟಿಗೆ ಅಂಟ್ಕೊಂಡಿದ್ದೀನಿ.”

ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿದಳು. “ತೊಡೆ ಮೇಲೆ ಇಟ್ಕೊಂಡು ಹೊಲಿದ್ಯಾ?”

“ಹೂಂ.”

ಅಜ್ಜಿಯ ಭುಜ ಕುಲುಕತೊಡಗಿತು. ಆಮೇಲೆ ಹೊಟ್ಟೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

“ನಗಬೇಡ ಅಜ್ಜಿ, ಎದೆಗೆ ಏನಾದ್ರೂ ಆದ್ರೆ?”

ಅಜ್ಜಿಯ ನಗು ಥಟ್ಟನೆ ನಿಂತಿತು. ಎದೆಯನ್ನು ಒತ್ತಿ ಹಿಡಿದಳು. ಇಬ್ಬರೂ ಕಾದರು. ಏನೂ ಆಗಲಿಲ್ಲ.

“ಎರಡು ತಿಂಗಳಿಂದ ಹೀಗೇ ಕಾಯ್ತಾ ಇದ್ದೀನಿ ಕಣೇ,” ಅಂದಳು ಅಜ್ಜಿ ಮೆಲ್ಲಗೆ. “ಎಲ್ಲಿ ನಿಂತುಬಿಡುತ್ತೋ ಅಂತ ಭಯ. ಹೇಳಿದ್ರೆ ನೀವೆಲ್ಲ ಹೆದರ್ತೀರ ಅಂತ ಸುಮ್ಮನಿದ್ದೆ.”

“ನಾನು ಆಗ್ಲೇ ಹೆದರಿದ್ದೀನಿ,” ಅಂದಳು ಪಿನ್ನಿ. “ದಿನಾ ಬಾಗಿಲಲ್ಲಿ ನಿಂತು ನಿನ್ನ ಹೊದಿಕೆ ನೋಡ್ತೀನಿ.”

“ಗೊತ್ತು. ಅದಕ್ಕೇ ನೀನು ಬರೋ ಹೊತ್ತಿಗೆ ಜೋರಾಗಿ ಉಸಿರಾಡ್ತೀನಿ.”

ಪಿನ್ನಿ ಸ್ಕರ್ಟು ಫ್ರಾಕು ಸಮೇತ ಅಜ್ಜಿಯನ್ನು ತಬ್ಬಿಕೊಂಡು ಅತ್ತಳು. ಅಜ್ಜಿಯೂ ಸ್ವಲ್ಪ ಅತ್ತಳು. ಆಮೇಲೆ ಕತ್ತರಿ ತರಿಸಿ ಒಂದೊಂದೇ ಹೊಲಿಗೆ ಬಿಚ್ಚಿದಳು. “ಗಟ್ಟಿಯಾಗಿ ಹೊಲಿದಿದ್ದೀಯ, ಅದಂತೂ ನಿಜ,” ಅಂದಳು.

ಸ್ಕರ್ಟ್ ಸರಿಹೋದ ಮೇಲೆ ಅಜ್ಜಿ ಕೇಳಿದಳು, “ನನ್ನ ಹಸಿರು ಅಂಗಿ ಎಲ್ಲಿ ಹಾಕಿದ್ರು?”

ಅದು ಸ್ಟೋರ್ ರೂಮಿನಲ್ಲಿ, ಮೆಷಿನ್ನಿನ ಸೂಜಿಯ ಕೆಳಗೇ ಇತ್ತು. ಅಜ್ಜಿ ತನಗಾಗಿ ಹೊಲಿದುಕೊಳ್ಳುತ್ತಿದ್ದದ್ದು. ಆಂಬ್ಯುಲೆನ್ಸ್ ಬಂದ ದಿನ ಒಂದೇ ತೋಳು ಮುಗಿದಿತ್ತು. ಪಿನ್ನಿ ಎರಡನೇ ತೋಳನ್ನೂ ಹುಡುಕಿ ತಂದಳು.

“ಮೆಷಿನ್ ತುಳಿಯೋದು ಬೇಡ. ಕೈಹೊಲಿಗೆ ಸಾಕು,” ಅಂದಳು ಅಜ್ಜಿ. ಪಿನ್ನಿ ದಾರ ಪೋಣಿಸಿ ಕೊಟ್ಟಳು.

“ತೊಟ್ಟವರು ತಣ್ಣಗಿರಲಿ ಅಂತ ಹೇಳಲ್ವಾ?”

“ನನ್ನ ಬಟ್ಟೆಗೆ ನಾನು ಯಾವತ್ತೂ ಹೇಳ್ಕೊಂಡಿಲ್ಲ. ಅದು ಬೇರೆಯವರಿಗೆ ಹೇಳೋದು.”

ಪಿನ್ನಿ ಯೋಚಿಸಿದಳು. ಹಾಗಾದರೆ ಇಷ್ಟು ವರ್ಷ ಅಜ್ಜಿಯ ಬಟ್ಟೆಗೆ ಯಾರೂ ಹೇಳಿಯೇ ಇರಲಿಲ್ಲ. ಅವಳು ಹಸಿರು ಬಟ್ಟೆಯ ಮೇಲೆ ಅಂಗೈ ಊರಿದಳು. ಕಣ್ಣು ಮುಚ್ಚಿದಳು.

“ತೊಟ್ಟವರು ತಣ್ಣಗಿರಲಿ.”

ಕಣ್ಣು ಬಿಟ್ಟಾಗ ಅಜ್ಜಿಯ ಬಲಗೈ ಎದೆಯ ಮೇಲಿರಲಿಲ್ಲ. ಅದು ಸೂಜಿ ಹಿಡಿದು ಕಾಯುತ್ತಿತ್ತು.

“ಕೈ ತೆಗಿಯೇ,” ಅಂದಳು ಅಜ್ಜಿ. “ನಿನ್ನನ್ನೂ ಸೇರಿಸಿ ಹೊಲಿದುಬಿಡ್ತೀನಿ.”

ಪಿನ್ನಿ ಇನ್ನೂ ಸ್ವಲ್ಪ ಹೊತ್ತು ಕೈ ತೆಗೆಯಲಿಲ್ಲ.