ಬೇಕೆಂದೇ ಆರಿಸಿದ ವಿಪಿಎನ್

ಮೂರು ವಿಪಿಎನ್‌ಗಳಲ್ಲಿ ಯಾವುದು ತಮ್ಮ ಮನೆಯ ರೂಟರ್‌ಗೆ ಸರಿ ಎಂದು ಅವಳು ಕೇಳಿದಾಗ ಅವನಿಗೆ ಉತ್ತರ ಗೊತ್ತಿತ್ತು. ಗೊತ್ತಿದ್ದೂ ತಪ್ಪು ಹೇಳಿದ. ಮಾಡಿದ್ದು ಇಷ್ಟೇ ಅನ್ನಬಹುದು. ಅಷ್ಟಕ್ಕೇ ಮುಗಿದಿದ್ದರೆ ಆ ಭಾನುವಾರ ಅವನು ಕನ್ನಡಿ ಮುಂದೆ ಕತ್ತರಿ ಹಿಡಿದು ನಿಲ್ಲುತ್ತಿರಲಿಲ್ಲ.

ಅವನು ಮನೆಮನೆಗೆ ಹೋಗಿ ಇಂಟರ್ನೆಟ್ ಜೋಡಿಸಿಕೊಡುವ ಮೆಕ್ಯಾನಿಕ್. ಅವಳು ಮನೆಯಲ್ಲೇ ಕೂತು, ಡಾಕ್ಟರುಗಳು ರೆಕಾರ್ಡ್ ಮಾಡಿ ಕಳಿಸುವ ಮಾತನ್ನು ಕೇಳಿ ರಿಪೋರ್ಟ್ ಟೈಪ್ ಮಾಡುವವಳು. ರೋಗಿಗಳ ಗುಟ್ಟು ದಾರಿಯಲ್ಲಿ ಯಾರ ಕಣ್ಣಿಗೂ ಬೀಳಬಾರದು, ಮನೆಯಿಂದ ಹೊರಡುವುದೆಲ್ಲ ವಿಪಿಎನ್ ಮೂಲಕ, ಅಂಟಿಸಿದ ಲಕೋಟೆಯ ಹಾಗೆ ಹೋಗಬೇಕು ಎಂದು ಆಸ್ಪತ್ರೆಯವರು ಕಟ್ಟುನಿಟ್ಟು ಮಾಡಿದ್ದರು. ಅದಕ್ಕೇ ಅವನನ್ನು ಕರೆಸಿದ್ದಳು.

ಮೊದಲ ದಿನ ಅವನು ಒಳಗೆ ಬಂದಾಗ ಅವಳ ಕಾಲು ಮೇಜಿನ ಕೆಳಗೆ, ರೆಕಾರ್ಡಿಂಗ್ ಓಡಿಸುವ ಪೆಡಲಿನ ಮೇಲಿತ್ತು, ಜಡೆಯಲ್ಲಿ ಒಂದು ಪೆನ್ಸಿಲ್ ಸಿಕ್ಕಿಕೊಂಡಿತ್ತು. ಹೆಡ್‌ಫೋನನ್ನು ಕತ್ತಿಗೆ ಇಳಿಸಿ ಹೇಳಿದಳು, "ನೋಡಿ, ನಾನು ಕಾಲೆತ್ತಿದ್ರೆ ಸಾಕು, ಎಷ್ಟೇ ದೊಡ್ಡ ಡಾಕ್ಟರಾದ್ರೂ ಬಾಯಿ ಮುಚ್ಕೋತಾರೆ."

ಅವನು ನಕ್ಕ. ಅವನು ನಕ್ಕಿದ್ದನ್ನು ನೋಡಿ ಅವಳೂ ನಕ್ಕಳು. ಕೆಲಸ ಕೆಟ್ಟಿದ್ದು ಅಲ್ಲೇ.

ಮೂರು ಕಂಪನಿಗಳ ಹೆಸರನ್ನು ಅವಳು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದಳು. ಮೊದಲನೆಯದು ಪುಕ್ಕಟೆ. ಅದನ್ನು ಅವನೇ ಹೊಡೆದುಹಾಕಿದ, ಗುಟ್ಟು ಕಾಯಬೇಕಾದವರೇ ಗುಟ್ಟು ಮಾರಿಕೊಳ್ಳುತ್ತಾರೆ ಎಂದ. ಎರಡನೆಯದು ಭಾರಿ ಹೆಸರಿನದು, ಆದರೆ ಅದರ ಸರ್ವರ್ ಸಮುದ್ರದಾಚೆ. ಅವಳ ಮನೆಯ ಹಳೇ ರೂಟರ್ ಆ ಭಾರ ಹೊರಲಾರದೆ ವಾರಕ್ಕೊಮ್ಮೆ ಕೈಚೆಲ್ಲುವುದು ಖಂಡಿತ. ಮೂರನೆಯದು ಹಗುರ, ಹತ್ತಿರದಲ್ಲೇ ಸರ್ವರ್, ಒಮ್ಮೆ ಹಾಕಿದರೆ ವರ್ಷಗಟ್ಟಲೆ ತಿರುಗಿ ನೋಡಬೇಕಾಗಿಲ್ಲ. ತಿರುಗಿ ನೋಡಬೇಕಾಗಿಲ್ಲ ಎಂದರೆ ತಿರುಗಿ ಬರಬೇಕಾಗಿಯೂ ಇಲ್ಲ. ಆ ಯೋಚನೆಯೇ ಅವನ ಬುದ್ಧಿ ಕೆಡಿಸಿತು.

"ಎರಡನೇದು ತಗೊಳ್ಳಿ," ಎಂದ. "ದೊಡ್ಡ ಕಂಪನಿ, ನಂಬಬಹುದು."

ಅವಳು ನಂಬಿದಳು. ಅಷ್ಟು ಸುಲಭವಾಗಿ ನಂಬಿದಳಲ್ಲ ಎಂದು ಅವನಿಗೆ ಆಗಲೇ ಎದೆಯಲ್ಲಿ ಚುರುಕ್ಕೆಂದಿತು. ಆದರೆ ಅವಳ ಫೈಲುಗಳು ನಿಧಾನವಾದರೂ ತಲುಪುತ್ತವೆ, ಯಾರಿಗೇನು ನಷ್ಟ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಕಿಟಕಿ ಪಕ್ಕ ಅವಳ ಅಪ್ಪ ಕೂತಿದ್ದರು. ಬಟ್ಟೆ ಗಿರಣಿಯಲ್ಲಿ ಮೂವತ್ತು ವರ್ಷ ದುಡಿದು ಕಿವಿ ಪೂರ್ತಿ ಹೋಗಿತ್ತು. ಆ ಮಗ್ಗಗಳ ಗದ್ದಲದಲ್ಲಿ ಯಾರ ಮಾತೂ ಯಾರಿಗೂ ಕೇಳದು, ಅಲ್ಲಿಯವರೆಲ್ಲ ತುಟಿ ನೋಡಿಯೇ ಹರಟೆ ಹೊಡೆಯುತ್ತಿದ್ದರಂತೆ. ಅವನು ಏನೋ ಕೇಳಿದ್ದಕ್ಕೆ ಅವರು ಕಣ್ಣು ಕಿರಿದು ಮಾಡಿ ನೋಡಿ, ಸೋತು ಕೈಯಾಡಿಸಿದರು.

"ನಿನ್ನ ಮೀಸೆ ಮಾತನ್ನೆಲ್ಲ ತಿಂದುಹಾಕ್ತಿದೆ ಕಣಪ್ಪಾ. ನಮ್ಮ ಗಿರಣಿಯಲ್ಲಿ ಯಾರೂ ಮೀಸೆ ಬಿಡ್ತಿರಲಿಲ್ಲ. ಅಲ್ಲಿ ಮೊದಲು ಕಲಿಯೋ ಮಾತು 'ಬಾ'. ತುಟಿ ಕೂಡಿ ಬಿಟ್ರೆ ಆಯ್ತು, ಆ ತುದಿಯಿಂದ್ಲೂ ಕಾಣುತ್ತೆ."

ಅಂದಿನಿಂದ ಆ ಮನೆಯಲ್ಲಿ ಅವನ ಹೆಸರು ಮೀಸೆ ಎಂದೇ ಆಯಿತು.

ಅವನು ಎಣಿಸಿದಂತೆಯೇ ರೂಟರ್ ವಾರ ತಿರುಗುವುದರೊಳಗೆ ಮಲಗಿತು. ಅವಳು ಫೋನ್ ಮಾಡಿದಳು, ಅವನು ಓಡಿ ಬಂದ, ಆರಿಸಿ ಹಚ್ಚಿದ, ಕಾಫಿ ಕುಡಿದ. ಮರುವಾರವೂ ಅದೇ ಕಥೆ. ಅವನು ಸುಮ್ಮನೆ ವೈರ್ ಜಗ್ಗಿ ನೋಡುತ್ತಿದ್ದರೆ ಅವಳು ಗಲ್ಲಕ್ಕೆ ಕೈಕೊಟ್ಟು ನೋಡುತ್ತ ಕೂರುವಳು. ಅವನು ತಲೆಯೆತ್ತಿದರೆ ತಟ್ಟನೆ ಕೀಬೋರ್ಡಿನತ್ತ ತಿರುಗುವಳು. ಟೈಪ್ ಮಾಡುವುದಕ್ಕೆ ಮಾತ್ರ ಏನೂ ಇರುತ್ತಿರಲಿಲ್ಲ, ಪೆಡಲಿನ ಮೇಲೆ ಕಾಲೇ ಇಲ್ಲವಲ್ಲ. ಮೆಟ್ಟಿಲಿಳಿಯುವಾಗ ಅವನಿಗೆ ಕುಣಿಯಬೇಕೆನಿಸುವುದು, ಬೀದಿ ತಿರುಗುವಷ್ಟರಲ್ಲಿ ಮುಖ ಸಪ್ಪಗಾಗುವುದು. ಕಳ್ಳನಿಗೂ ತನಗೂ ಏನು ವ್ಯತ್ಯಾಸ ಎಂದು ಎಷ್ಟೋ ಸಲ ಅನ್ನಿಸಿತ್ತು. ಮುಂದಿನ ಸಲ ಸರಿ ಮಾಡಿಬಿಡುತ್ತೇನೆ ಎಂದುಕೊಳ್ಳುತ್ತಿದ್ದ. ಆ ಮುಂದಿನ ಸಲ ಬರಲೇ ಇಲ್ಲ.

ಐದನೇ ಸಲ ಹೋದಾಗ ಅಪ್ಪನ ಮೂಗಿನ ಮೇಲೆ ದಪ್ಪ ಗಾಜಿನ ಹೊಸ ಕನ್ನಡಕ ಇತ್ತು. ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ ಕೂತಿದ್ದರು. ಮೊದಲಿನ ಹಾಗೆ 'ಬಾರೋ ಮೀಸೆ' ಎನ್ನಲಿಲ್ಲ.

ಅಡುಗೆಮನೆಯ ಬಾಗಿಲಲ್ಲಿ ನಿಂತು ಅವಳು ವಿಷಯ ಹೇಳಿದಳು. ಅಪ್ಪನ ಅಕ್ಕ, ಅಂದರೆ ಅವಳ ಅತ್ತೆ, ಅದೇ ಗಿರಣಿಯಲ್ಲಿ ಅವರ ಎದುರು ಮಗ್ಗದಲ್ಲಿದ್ದವರು. ಈಗ ದೂರದೇಶದಲ್ಲಿ ಮಗಳ ಮನೆಯಲ್ಲಿದ್ದಾರೆ. ಪ್ರತಿ ಭಾನುವಾರ ನಾಲ್ಕಕ್ಕೆ ಅಕ್ಕ, ತಮ್ಮ ಇಬ್ಬರೂ ವಿಡಿಯೋದಲ್ಲಿ, ಒಂದಿಷ್ಟೂ ಸದ್ದಿಲ್ಲದೆ, ತುಟಿಯಲ್ಲೇ ಗಂಟೆಗಟ್ಟಲೆ ಮಾತಾಡುತ್ತಿದ್ದರು. ಈಚೆಗೆ ಚಿತ್ರ ನಿಂತು ನಿಂತು ಬರುತ್ತಿತ್ತು, ಅರ್ಧ ಮಾತು ಅಲ್ಲೇ ನುಂಗಿಹೋಗುತ್ತಿತ್ತು. ಅಪ್ಪ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬಂದರು. ಹೊಸ ಕನ್ನಡಕದಿಂದಲೂ ಏನೂ ಆಗದಿದ್ದಾಗ ಅಕ್ಕನಿಗೆ ಕಾಲ್ ಮಾಡುವುದನ್ನೇ ಬಿಟ್ಟರು.

"ನೆಟ್ಟಿಂದು ತೊಂದರೆ ಅಂತ ಎಷ್ಟೋ ಹೇಳಿದೆ, ನಂಬ್ತಾ ಇಲ್ಲ," ಎಂದಳು. "ಇಷ್ಟು ಸಲ ಅಷ್ಟು ಮುತುವರ್ಜಿಯಿಂದ ಬಂದು ನೋಡ್ತಾನಲ್ಲ, ನೆಟ್ ಕೆಟ್ಟಿದ್ರೆ ಮೀಸೆ ಸರಿ ಮಾಡ್ತಿರಲಿಲ್ವಾ ಅಂತಾರೆ. ಕಿವಿ ಆಯ್ತು, ಈಗ ಕಣ್ಣೂ ಹೋಯ್ತು ಅಂತ ಕೂತಿದಾರೆ."

ಆ ವಿಡಿಯೋವೂ ಅದೇ ರೂಟರ್, ಅದೇ ವಿಪಿಎನ್ ಮೂಲಕವೇ ಹೋಗುತ್ತಿತ್ತು. ಆಗಲೇ ಹೇಳಬೇಕಿತ್ತು. ಆದರೆ ಹೇಳಿದರೆ ಈ ಮನೆಯ ಬಾಗಿಲು ಮುಚ್ಚಿದ ಹಾಗೆಯೇ. ಕಾಫಿ ಲೋಟ ಇಟ್ಟು, ಭಾನುವಾರ ಬರ್ತೀನಿ ಎಂದಷ್ಟೇ ಹೇಳಿ ಹೊರಬಿದ್ದ.

ಭಾನುವಾರ ಮಧ್ಯಾಹ್ನ ಕನ್ನಡಿ ಮುಂದೆ ನಿಂತು, ಹತ್ತು ವರ್ಷ ಸಾಕಿದ ಮೀಸೆಯನ್ನು ಮೊದಲು ಕತ್ತರಿಸಿ ಆಮೇಲೆ ಬೋಳಿಸಿದ. ಹೇಳುವ ಮಾತು ಆ ಮುದುಕರಿಗೆ ಒಂದಕ್ಷರವೂ ಬಿಡದಂತೆ ಕಾಣಬೇಕಿತ್ತು.

ಬಾಗಿಲು ತೆರೆದವಳು ಒಂದು ಕ್ಷಣ ಗುರುತೇ ಹಿಡಿಯಲಿಲ್ಲ. ಆಮೇಲೆ ಸೆರಗಿನಿಂದ ನಗು ಮುಚ್ಚಿಕೊಂಡಳು. ಅವನು ನಗಲಿಲ್ಲ. ನೇರ ಹೋಗಿ ಅಪ್ಪನ ಕುರ್ಚಿಯ ಎದುರು ನೆಲಕ್ಕೆ ಕೂತು, ಬೆಳಕು ಮುಖದ ಮೇಲೆ ಬೀಳುವಂತೆ ತಿರುಗಿದ. ಅವಳಿಗೂ ಕೇಳಲೆಂದು ದನಿ ಎತ್ತಿಯೇ ಹೇಳಿದ.

"ನಿಮ್ಮ ಕಣ್ಣು ಸರಿಯಾಗೇ ಇದೆ ಸರ್. ತಪ್ಪು ನಂದು. ಕೆಡುತ್ತೆ ಅಂತ ಗೊತ್ತಿದ್ದೇ ಆ ವಿಪಿಎನ್ ಹಾಕಿದೆ. ನಿಮ್ಮ ಮಗಳನ್ನ ನೋಡೋಕೆ ಮತ್ತೆ ಮತ್ತೆ ಬರಬೇಕಿತ್ತು."

ಅಪ್ಪ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. ಅವನ ಬೋಳು ತುಟಿಯನ್ನು ನೋಡಿದರು. "ಒಂದಕ್ಷರ ಬಿಡದೆ ಕಾಣಿಸ್ತು," ಎಂದರು.

ಬೆನ್ನ ಹಿಂದೆ ಅವಳ ನಗು ಆಗಲೇ ನಿಂತಿತ್ತು. "ಅಪ್ಪ ಆ ಗಾಜು ಒರೆಸಿ ಒರೆಸಿ ಕೂತಿದ್ದನ್ನ ನಾನು ನೋಡಿದೀನಿ," ಎಂದಳು. "ನಿಮಗೆ ಬರಬೇಕು ಅಂತಿದ್ರೆ, ಬರ್ತೀನಿ ಅಂತ ಹೇಳಬಹುದಿತ್ತಲ್ಲ. ಬಾಯಿ ಇರಲಿಲ್ವಾ?"

ಸರಿ ಮಾಡಿ ಹೊರಡಿ ಎಂದಳು. ಅವನು ತಲೆತಗ್ಗಿಸಿ ಹಳೆಯದನ್ನು ಕಿತ್ತುಹಾಕಿ, ಚೀಟಿಯಲ್ಲಿದ್ದ ಮೂರನೆಯದನ್ನು ರೂಟರ್‌ಗೆ ಹಾಕಿದ. ಇಪ್ಪತ್ತು ನಿಮಿಷದ ಕೆಲಸ. ಮೊದಲ ದಿನವೇ ಆಗಿಹೋಗಬೇಕಿದ್ದ ಕೆಲಸ.

ನಾಲ್ಕಕ್ಕೆ ಅತ್ತೆ ಪರದೆಯ ಮೇಲೆ ಬಂದರು. ಚಿತ್ರ ಒಮ್ಮೆಯೂ ತಡವರಿಸಲಿಲ್ಲ. ಅಕ್ಕನ ತುಟಿ ಆಡಿತು, ಅಪ್ಪ ತೊಡೆ ತಟ್ಟಿಕೊಂಡು ನಕ್ಕರು, ತಿರುಗಿ ಏನೋ ಹೇಳಿದರು, ಮತ್ತೆ ಕಣ್ಣೊರೆಸಿಕೊಂಡರು. ಕೋಣೆಯಲ್ಲಿ ಒಂದು ಸದ್ದೂ ಇಲ್ಲ. ಅವನು ಚೀಲ ಹೆಗಲಿಗೇರಿಸಿ ಬಾಗಿಲ ಬಳಿ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದ.

"ಅತ್ತೆ ಕೇಳ್ತಿದಾರೆ, ಅಲ್ಲಿ ಕಳ್ಳನ ಹಾಗೆ ನಿಂತಿರೋನು ಯಾರು ಅಂತ," ಎಂದಳು ಅವಳು, ಪರದೆಯ ಮೇಲಿನ ತುಟಿ ಓದುತ್ತ, ಅವನತ್ತ ನೋಡದೆ.

"ಅಪ್ಪ ಏನಂದ್ರು?"

"ಕಳ್ಳನೇ, ಆದ್ರೆ ಒಪ್ಕೊಂಡಿದಾನೆ ಅಂದ್ರು."

ಅವನು ಮೆಟ್ಟಿಲವರೆಗೆ ಹೋದ. ಅವಳು ಬಾಗಿಲಿಗೆ ಬಂದು ನಿಂತಳು. ಮುಖದಲ್ಲಿ ಸಿಟ್ಟು ಹಾಗೇ ಇತ್ತು. ಇನ್ನು ಕೆಡುತ್ತದೆಯೇ ಎಂದು ಕೇಳಿದಳು. ಇಲ್ಲ, ವರ್ಷಗಟ್ಟಲೆ ಕೆಡಲ್ಲ, ಇನ್ನು ನನ್ನ ಅಗತ್ಯ ಬೀಳಲ್ಲ ಎಂದು ನಿಜವನ್ನೇ ಹೇಳಿದ. ಹೇಳಿ ನಾಲ್ಕು ಮೆಟ್ಟಿಲಿಳಿದು, ತಡೆಯಲಾರದೆ ಒಮ್ಮೆ ಹಿಂತಿರುಗಿದ.

ಅವಳು ಅಲ್ಲೇ ಇದ್ದಳು. "ಮುಂದಿನ ಭಾನುವಾರ," ಎಂದಳು. ಆಮೇಲೆ ಏನೂ ಹೇಳಲಿಲ್ಲ, ತುಟಿಗಳು ಮಾತ್ರ ಒಮ್ಮೆ ಕೂಡಿ ಬಿಟ್ಟವು. ಗಿರಣಿಯಲ್ಲಿ ಮೊದಲು ಕಲಿಯುವ ಮಾತು ಅವನಿಗೆ ಅಷ್ಟು ದೂರದಿಂದಲೂ ಕಂಡಿತು.