ಮಾತು ಮಾರುವವನ ಮೌನ

"ನನಗೆ ಹೇಳಿದ ಮಾತನ್ನೇ ಮಾರಿಬಿಟ್ಯಾ?"

ಅಪೊಲೊ ಗುಡಿಯ ಮೆಟ್ಟಿಲ ಮೇಲೆ ಫೀಡೋನ್ ಎದುರಾದ ಕೂಡಲೇ ಮೆಲಿಟ್ಟಾ ಕೇಳಿದಳು.

ಅವನು ತಲೆ ತಗ್ಗಿಸಿದ. "ಹೂಂ... ಮಾರಿದೆ."

ಅಥೆನ್ಸ್‌ನಲ್ಲಿ ಅವರವರ ವ್ಯಾಜ್ಯ ಅವರವರೇ ವಾದಿಸಬೇಕು. ಮಾತು ಬಾರದವರಿಗೆ ಭಾಷಣ ಬರೆದುಕೊಡುವುದು ಫೀಡೋನ್‌ನ ಕಸುಬು. ಮೆಲಿಟ್ಟಾಳ ಅಪ್ಪನಿಗೂ ಅವನೇ ಕಲಿಸಿದ್ದ.

"ಕಾರಣ ಗಟ್ಟಿಯಿರಲಿ, ಕೇಳೋರ ಕರುಳು ಚುರ್ ಅನ್ನಲಿ. ಆದ್ರೆ ಮೊದಲು ಅವರು ನಿಮ್ಮನ್ನ ನಂಬಬೇಕು. ನಂಬಿಕೆ ಹೋದ್ರೆ ಉಳಿದೆರಡೂ ದಂಡ!" ಅನ್ನುತ್ತಿದ್ದ.

ಮಗ್ಗದ ಹಿಂದೆ ಕೂತು ಅವಳು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಪಾಠಕ್ಕಿಂತ ಅವನ ದನಿಯನ್ನೇ ಹೆಚ್ಚು ಅನ್ನಿ! ಒಂದು ದಿನ ಅಂಗಳದಲ್ಲಿ ಅವನು ಪಿಸುಗುಟ್ಟಿದ್ದ: "ನೀನಿಲ್ಲದ ಮನೇಲಿ ಒಲೆ ಉರಿದ್ರೂ ಚಳಿ ಹೋಗಲ್ಲ."

ಅಪ್ಪ ಹಾಸಿಗೆ ಹಿಡಿದಾಗ ಅವಳನ್ನು ಅವನಿಗೇ ಕೊಟ್ಟೆ ಎಂದಿದ್ದ. ಅದಕ್ಕೆ ಸಾಕ್ಷಿಯಾಗಿದ್ದ ಒಬ್ಬನೇ ನಾವಿಕ ಆಮೇಲೆ ಕಡಲಲ್ಲಿ ಮುಳುಗಿದ. ಅಪ್ಪನೂ ಹೋದ. ಹೆಣ್ಣಿನ ಸಾಕ್ಷಿ ಅಲ್ಲಿ ನಡೆಯದು, ಎರಡೂ ಕಡೆಯವರು ಒಪ್ಪಿ ಆಣೆ ಮಾಡಿಸಿದರೆ ಮಾತ್ರ. ಗಂಡುಮಕ್ಕಳಿಲ್ಲದ ಮನೆ, ಆಸ್ತಿಯ ಜೊತೆ ಮಗಳನ್ನೂ ಹತ್ತಿರದ ರಕ್ತಸಂಬಂಧಿಯೇ ಮದುವೆಯಾಗಬೇಕೆಂಬುದು ಅಲ್ಲಿನ ಕಾನೂನು. ಚಿಕ್ಕಪ್ಪ ಥ್ರಾಸೋನ್ ಇದ್ದೊಬ್ಬ ಹೆಂಡತಿಯನ್ನೂ ತವರಿಗಟ್ಟಿ ಸಿದ್ಧನಾಗಿ ನಿಂತ.

ಅದು ಸಾಲದೆಂಬಂತೆ ಆ ಸುದ್ದಿ! ಎಣ್ಣೆ ವ್ಯಾಪಾರಿಯೊಬ್ಬ ಸತ್ತ ಹೆಂಡತಿಯನ್ನು ನೆನೆದು, ಫೀಡೋನ್ ಬರೆದುಕೊಟ್ಟ ಒಲೆ-ಚಳಿಯ ಮಾತಾಡಿ ನ್ಯಾಯಸಭೆಯನ್ನೇ ಅಳಿಸಿದನಂತೆ. ಚಿಕ್ಕಪ್ಪ ಅದನ್ನು ಅಣಕಿಸಿ ನಕ್ಕಾಗ ಮೆಲಿಟ್ಟಾಳ ಎದೆ ಒಡೆದಿತ್ತು. "ಅವನಿಗಿಂತ ನೀನೇ ವಾಸಿ!" ಎಂದು ಕಿರುಚಿದ್ದಳು.

ಈಗ ಗುಡಿಯೊಳಗೆ, ಇಬ್ಬರ ವ್ಯಾಜ್ಯ ತೀರಿಸಲು ಕೂತ ಮುದಿ ಮಧ್ಯಸ್ಥನ ಮುಂದೆ ಚಿಕ್ಕಪ್ಪ ಕೈ ಬೀಸುತ್ತಿದ್ದ.

"ಅಳಿಸೋದೇ ಇವನ ಹೊಟ್ಟೆಪಾಡು ಸ್ವಾಮಿ! ಇವನ ಕಣ್ಣೀರು ಬಾಡಿಗೇದು. ಹುಡುಗೀನೇ ಹೇಳಿದಾಳೆ, ಇವನಿಗಿಂತ ನಾನೇ ವಾಸಿ ಅಂತ!"

ನೆರೆದವರು ಗೊಳ್ಳೆಂದರು. ಮಧ್ಯಸ್ಥನೂ ನಕ್ಕ.

ಮುಗಿಯಿತು... ಇವನನ್ನು ಇನ್ನು ಯಾರು ನಂಬುತ್ತಾರೆ? ನಾನೇ ನಂಬುತ್ತಿಲ್ಲವಲ್ಲ! ಮೆಲಿಟ್ಟಾ ಕಂಬಕ್ಕೆ ಒರಗಿದಳು.

ಫೀಡೋನ್ ಎದ್ದ. ಮುಖ ಬಿಳುಚಿತ್ತು.

"ನನ್ನ ವಾದ ಏನೂ ಇಲ್ಲ. ಅಪ್ಪ ಯಾರಿಗೆ ಕೊಟ್ರು ಅಂತ ಅವಳೇ ದೇವರ ಮುಂದೆ ಆಣೆ ಮಾಡಿ ಹೇಳಲಿ. ಏನೇ ಹೇಳಿದ್ರೂ ಒಪ್ಕೋತೀನಿ. ಥ್ರಾಸೋನ್ ಕೂಡ ಒಪ್ಪಲಿ."

"ಧಾರಾಳವಾಗಿ!" ಚಿಕ್ಕಪ್ಪ ಮೀಸೆ ತಿರುವಿದ. ಸಿಟ್ಟಾದ ಹುಡುಗಿ ತನ್ನ ಕಡೆಯೇ ಎಂದು ಅವನ ಲೆಕ್ಕ.

ಮೆಲಿಟ್ಟಾ ಬೆಚ್ಚಿದಳು. ಹುಚ್ಚನಾ ಇವನು! ನಾನು ಅಂದದ್ದು ಈಗಷ್ಟೇ ಕೇಳಿದನಲ್ಲ! ದೇವರ ಪೀಠದತ್ತ ನಡೆದವಳು ಅವನ ಬಳಿ ನಿಂತಳು.

"ಫೀಡೋನ್... ನನಗೆ ಹೇಳಿದ್ದು ನಿಜಾನಾ?"

ಅವನ ಕಣ್ಣು ತುಂಬಿತು.

"ಹೇಳಲ್ಲ ಮೆಲಿಟ್ಟಾ. ನಾನು ಏನು ಹೇಳಿದ್ರೂ ಚೆನ್ನಾಗೇ ಕೇಳಿಸುತ್ತೆ. ನೀನು ಕಂಡದ್ದನ್ನ ನೀನೇ ಹೇಳು."

ಊರನ್ನೇ ಒಲಿಸಬಲ್ಲವನು ತನ್ನ ಪ್ರಾಣವನ್ನು ಅವಳ ನಾಲಗೆಯ ಮೇಲಿಟ್ಟು ಬಾಯಿ ಮುಚ್ಚಿಕೊಂಡಿದ್ದ! ಅವಳಿಗೆ ದುಃಖ ಒತ್ತರಿಸಿ ಬಂತು.

ಪೀಠದ ಮೇಲೆ ಕೈಯಿಟ್ಟಳು.

"ಅಪೊಲೊನ ಆಣೆ! ಅಪ್ಪ ನನ್ನನ್ನ ಫೀಡೋನ್‌ಗೆ ಕೊಟ್ಟರು. ಬಾಗಿಲ ಹಿಂದೆ ನಿಂತು ಕಿವಿಯಾರೆ ಕೇಳಿದೀನಿ."

"ಅಯ್ಯೋ ಕೃತಘ್ನೆ!" ಚಿಕ್ಕಪ್ಪ ಹೌಹಾರಿದ.

"ನೀನೇ ಒಪ್ಪಿದ್ಯಲ್ಲಪ್ಪಾ, ಕೂತ್ಕೋ," ಎಂದು ಗದರಿದ ಮಧ್ಯಸ್ಥ ಫೀಡೋನ್ ಪರ ತೀರ್ಪು ಹೇಳಿಯೇಬಿಟ್ಟ.

ಹೊರಗೆ ಅವಳು ಕಣ್ಣೊರೆಸಿಕೊಂಡಳು.

"ಈಗಾದ್ರೂ ಹೇಳು."

"ಅದು... ನಾನು... ನನಗೆ ನೀನು ಬೇಕಿತ್ತು. ತುಂಬಾ... ಭಯ ಆಗಿತ್ತು ಕಣೇ."

"ಇದನ್ನ ಯಾರಿಗೂ ಮಾರಬೇಡ."

"ಇಷ್ಟು ತೊದಲಿದ್ದನ್ನ ಯಾರು ಕೊಳ್ತಾರೆ?"

"ನಾನು," ಎಂದಳು ಮೆಲಿಟ್ಟಾ.