ಗುಂಯ್‌ಗುಡುವ ಪೆಟ್ಟಿಗೆ ಮತ್ತು ಚಂದಲೆಯ ಒನಕೆ

ಬಹಳ ಬಹಳ ಕಾಲದ ಹಿಂದೆ ಕೆಂಜಾವಳಿ ಎಂಬ ರಾಜ್ಯದಲ್ಲಿ ಚೆನ್ನಭೂಪ ಎಂಬ ಅರಸನಿದ್ದ. ಮನುಷ್ಯ ಒಳ್ಳೆಯವನೇ, ಆದರೆ ಹಿತ್ತಾಳೆ ಕಿವಿ. ಕೊನೆಗೆ ಯಾರು ಮಾತಾಡಿದರೋ ಅವರ ಮಾತೇ ಅವನಿಗೆ ವೇದ. ಅವನಿಗೊಬ್ಬಳೇ ಮಗಳು, ಹೆಸರು ಚಂದಲೆ. ತಾಯಿಯಿಲ್ಲದ ಹುಡುಗಿ. ಬುದ್ಧಿಯೆಲ್ಲ ಅವಳ ಪಾಲಿಗೇ ಬಂದಿತ್ತು, ಅಪ್ಪನಿಗೆ ಉಳಿದಿರಲಿಲ್ಲ.

ಆ ರಾಜ್ಯದ ಬಡಗಣ ಬೆಟ್ಟದ ಮೇಲೆ ಗುಡಾಣ ಎಂಬ ರಾಕ್ಷಸ ಮಲಗಿದ್ದ. ಎದ್ದರೆ ಊರಿಗೆ ಊರೇ ಅವನಿಗೆ ಒಂದು ತುತ್ತು. ದಿನಾ ಮುಸ್ಸಂಜೆ ಕಿರೀಟ ಹೊತ್ತವನ ಬಾಯಿಂದ ಜೋಗುಳ ಕೇಳಿದರೆ ಮಾತ್ರ ಅವನು ನಿದ್ದೆ ಮಾಡುತ್ತಿದ್ದ. ಅರಸನ ತಾತ ಹಾಡಿದ, ತಂದೆ ಹಾಡಿದ, ಚೆನ್ನಭೂಪನೂ ಹಾಡಿದ. ಆದರೆ ವಯಸ್ಸಾಗುತ್ತಾ ಅವನ ದನಿ ಉಡುಗಿತು. ಹಾಡಿದ್ದು ಅರಮನೆಯ ಅಂಗಳವನ್ನೂ ದಾಟುತ್ತಿರಲಿಲ್ಲ.

ಆಗ ಬಂದ ನೋಡಿ, ಬೂದಿಜಡೆ ಎಂಬ ಮಾಂತ್ರಿಕ. ಕಣ್ಣಿಗೆ ಕಾಡಿಗೆ, ಗಡ್ಡಕ್ಕೆ ಗಂಧದೆಣ್ಣೆ. ಈಗಾಗಲೇ ಎರಡು ಮದುವೆಯಾದವನು. ಹೆಂಡಿರೆಲ್ಲಿ ಅಂದರೆ ಒಬ್ಬಳು ತವರಿಗೆ ಹೋಗಿದ್ದಾಳೆ ಅನ್ನುತ್ತಿದ್ದ, ಇನ್ನೊಬ್ಬಳು ಯಾತ್ರೆಗೆ ಹೋಗಿದ್ದಾಳೆ ಅನ್ನುತ್ತಿದ್ದ. ಅದೆಂಥ ತವರೋ, ಅದೆಂಥ ಯಾತ್ರೆಯೋ, ಹೋದವರು ತಿರುಗಿ ಬಂದದ್ದನ್ನು ಕಂಡವರಿಲ್ಲ.

ಅವನು ಕೋಣೆಯಷ್ಟು ದೊಡ್ಡ ಮರದ ಪೆಟ್ಟಿಗೆಯೊಂದನ್ನು ಎತ್ತಿನ ಗಾಡಿಯಲ್ಲಿ ತಂದಿಳಿಸಿದ. ಹಿಂದೆ ಒಂದು ಕಹಳೆ, ಮುಂದೆ ಜಿಂಕೆ ಚರ್ಮ ಬಿಗಿದ ದೊಡ್ಡ ಬಾಯಿ. ಹಿಂದಿನಿಂದ ಪಿಸುಗುಟ್ಟಿದರೂ ಮುಂದಿನ ಬಾಯಿ ಬೆಟ್ಟಕ್ಕೆ ಕೇಳುವ ಹಾಗೆ ಹಾಡುತ್ತಿತ್ತು.

"ಇದರ ಬೆಲೆ ಏನಪ್ಪಾ?" ಎಂದ ಅರಸ.

"ಬೆಲೆ ಏನೂ ಬೇಡ ಪ್ರಭು. ಒಂದು ವೇಳೆ ಗುಡಾಣ ಎದ್ದುಬಿಟ್ಟರೆ, ಮಂತ್ರ ಹಾಕಿ ಮಲಗಿಸಲು ನಾನೊಬ್ಬನೇ ಗತಿ. ಆಗ ಮಾತ್ರ ಮಗಳನ್ನು ನನಗೆ ಧಾರೆಯೆರೆದು ಕೊಡಬೇಕು."

"ಎದ್ದರೆ ತಾನೆ!" ಎಂದು ನಕ್ಕು ಅರಸ ಅಲ್ಲೇ ಕೈಯಲ್ಲಿ ನೀರು ಬಿಟ್ಟು ಮಾತು ಕೊಟ್ಟ. ಮಗಳನ್ನು ಒಂದು ಮಾತು ಕೇಳಲಿಲ್ಲ, ಪುಣ್ಯಾತ್ಮ.

ಅಂದು ಮುಸ್ಸಂಜೆ ಅರಸ ಹಾಡಿದ. ದನಿ ಬೆಟ್ಟ ಮುಟ್ಟಿತು. ಆದರೆ ಹಾಡಿನ ಅಡಿಯಲ್ಲಿ ಇನ್ನೊಂದು ಸದ್ದು ಎದ್ದಿತು, ಗುಂಯ್... ಕೊಡದೊಳಗೆ ಕಣಜದ ಹುಳ ಸಿಕ್ಕಿಕೊಂಡ ಹಾಗೆ. ಹಾಡು ನಿಂತರೂ ಅದು ನಿಲ್ಲದು. ಹಾಡುತ್ತಿದ್ದುದು ಬಾಯಿ ಮಾತ್ರ ಅಲ್ಲ, ಪೆಟ್ಟಿಗೆಯ ಮೈಯೂ ಹಾಡುತ್ತಿತ್ತು. ಬೆಟ್ಟದ ಮೇಲೆ ಗುಡಾಣ ಒಂದು ಕಣ್ಣು ಬಿಟ್ಟ.

"ಹೊಸ ಪೆಟ್ಟಿಗೆ, ಪಳಗಬೇಕು" ಎಂದು ಮಾಂತ್ರಿಕ ಮೀಸೆಯಡಿಯಲ್ಲೇ ನಕ್ಕ.

ಅಪ್ಪ ಕೊಟ್ಟ ಮಾತು ಚಂದಲೆಯ ಕಿವಿಗೂ ಬಿತ್ತು. ಅತ್ತು ಕೂರುವ ಜಾತಿಯಲ್ಲ ಅವಳು. 'ಹಗುರಾಗಿದೆ, ಅದಕ್ಕೇ ನಡುಗುತ್ತದೆ' ಎಂದುಕೊಂಡು ಮರುದಿನ ಪೆಟ್ಟಿಗೆಯ ನೆತ್ತಿಗೂ ಮೈಗೂ ಚಪ್ಪಡಿ ಕಲ್ಲು ಕಟ್ಟಿಸಿದಳು. ಮುಸ್ಸಂಜೆ ಅರಸ ಹಾಡಿದ. ಗುಂಯ್ ಅನ್ನುವುದು ನಿಲ್ಲಲಿಲ್ಲ, ತಗ್ಗಿಗಿಳಿಯಿತು. ಕೋಣ ನರಳಿದ ಹಾಗೆ ನೆಲದೊಳಗೇ ಹರಿದು ಗುಡಾಣನ ಬೆನ್ನಿಗೆ ಹೋಗಿ ತಾಗಿತು. ಅವನು ಎರಡನೆಯ ಕಣ್ಣೂ ಬಿಟ್ಟು ಮಗ್ಗುಲಾದ.

ಎರಡನೆಯ ಸಲ ಕಲ್ಲು ತೆಗೆಸಿ, ಅರಮನೆಯ ಹಾಸಿಗೆ ದಿಂಬುಗಳನ್ನೆಲ್ಲ ಬಿಚ್ಚಿಸಿ ಪೆಟ್ಟಿಗೆಯೊಳಗೆ ಹತ್ತಿ ತುರುಕಿಸಿದಳು. ಒಳಗಿನ ಟೊಳ್ಳು ಮೊಳಗು ಅಡಗಿತು, ಅಷ್ಟು ಲಾಭ. ಆದರೆ ಹಲಗೆಗಳ ನಡುಕ ಹಾಗೇ ಉಳಿಯಿತು. ಹತ್ತಿ ಹೆಚ್ಚಾಗಿ ಹಾಡಿನ ಉಸಿರೇ ಕಟ್ಟಿತು. ಗುಡಾಣ ಮೊಣಕೈ ಊರಿ ಅರ್ಧ ಎದ್ದ.

ಮಾರನೆಯ ಬೆಳಗ್ಗೆಯೇ ಬೂದಿಜಡೆ ಸೀರೆ, ಬಳೆ ಕಳಿಸಿದ. ಅರಮನೆಯ ಮುಂದೆ ಚಪ್ಪರ ಎದ್ದಿತು, ಒಲೆಗಳು ಹೊತ್ತಿದವು. ಊರ ಹೆಂಗಸರಿಗೆ ನೀರು ಸೇದುವಾಗ ಅದೇ ಮಾತು. ಅಪ್ಪನ ವಯಸ್ಸಿನ ಗಂಡಂತೆ, ಗಡ್ಡಕ್ಕೆ ಬಣ್ಣವಂತೆ, ರಾತ್ರಿ ಬಾವಲಿಯಾಗುತ್ತಾನಂತೆ!

ಚಂದಲೆ ಸೀರೆಯನ್ನು ಮೂಲೆಗೆಸೆದು, ಪೆಟ್ಟಿಗೆಯೊಳಗಿನ ಹತ್ತಿ ತೆಗೆಸಿ, ತಾನೇ ಒಳಗೆ ಹೊಕ್ಕಳು. ಅವಳನ್ನು ಸಾಕಿದ ದಾದಿ ಪುಟ್ಟಾಯಿ ಬಾಯಿ ಬಡಿದುಕೊಂಡಳು.

"ಮದುವೆ ಹುಡುಗಿ ಪೆಟ್ಟಿಗೆಯೊಳಗೆ ಕೂತರೆ ಜನ ಏನಂದಾರು ತಾಯೀ!"

"ಬಾಯಿ ನೋಯೋವರೆಗೂ ಅನ್ನಲಿ. ನೀನು ಅಪ್ಪಾಜಿಗೆ ಹೇಳು, ಒಂದು ಸಾಲು ಹಾಡಲಿ."

ಅರಸ ಒಂದು ಸಾಲು ಹಾಡಿದ. ಚಂದಲೆ ಎಡಗೋಡೆಗೆ ಅಂಗೈ ಇಟ್ಟಳು. ಅಂಚು ಗಪ್‌ಚಿಪ್, ನಡು ಮಾತ್ರ ಉಸಿರಾಡುವ ಹೊಟ್ಟೆಯ ಹಾಗೆ ಉಬ್ಬಿ ತಗ್ಗುತ್ತಿತ್ತು. ಬಲಗೋಡೆಯೂ ಹಾಗೇ. ಇದು ಆಚೆಗೆ ಉಬ್ಬಿದಾಗ ಅದೂ ಆಚೆಗೇ ಉಬ್ಬುತ್ತಿತ್ತು, ಮುನಿಸಿಕೊಂಡವರು ಒಬ್ಬರಿಗೊಬ್ಬರು ಬೆನ್ನು ತಿರುಗಿಸಿದ ಹಾಗೆ. ಕಿವಿಯಿಟ್ಟು ಕೇಳಿದಳು. ಹಲಗೆ ಅಳುತ್ತಿತ್ತು.

"ಯಾರಮ್ಮಾ ನೀನು?"

"ನೀಲವ್ವ. ಬೂದಿಜಡೆಯ ದೊಡ್ಡ ಹೆಂಡತಿ. ಮಂತ್ರ ಹಾಕಿ ನನ್ನನ್ನ ಹಲಗೆ ಮಾಡಿ ಈ ಪೆಟ್ಟಿಗೆಗೆ ಜಡಿದುಬಿಟ್ಟ."

"ಎದುರಿಗಿರೋದು ಯಾರು?"

"ಆ ಹಾದರಗಿತ್ತಿಯ ಹೆಸರೆತ್ತಬೇಡ! ನನ್ನ ಗಂಡನ್ನ ಬುಟ್ಟಿಗೆ ಹಾಕಿಕೊಂಡ ಕೆಂಚವ್ವ!"

ಎದುರು ಗೋಡೆ ಧಗ್ಗನೆ ಉರಿದೆದ್ದಿತು. "ಯಾರೇ ಬುಟ್ಟಿಗೆ ಹಾಕಿಕೊಂಡದ್ದು? ನೀನು ಸತ್ತುಹೋದೆ ಅಂತ ಕಣ್ಣೀರು ಹಾಕಿ ನನ್ನ ಕಟ್ಟಿಕೊಂಡ!"

"ನಾನು ಸತ್ತೆನಾ? ನನಗೆ ನೀನೇ ಮಾಟ ಮಾಡಿಸಿದೆ ಅಂದನಲ್ಲೇ!"

"ಅಯ್ಯೋ ನನ್ನ ಶಿವನೇ, ನಾನು ನಿನ್ನ ಮುಖವನ್ನೇ ನೋಡಿರಲಿಲ್ಲ!"

"ಹಾಗಾದರೆ ಇಬ್ಬರಿಗೂ ಮೋಸ ಮಾಡಿದ್ದು ಅವನೇ!" ಎಂದವು ಎರಡು ಗೋಡೆಗಳೂ. ಚಂದಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಕೇಳ್ರಮ್ಮಾ, ಈ ಸಂಜೆ ಗುಡಾಣ ಎದ್ದರೆ ನಿಮ್ಮ ಗಂಡ ನನ್ನನ್ನೂ ಕಟ್ಟಿಕೊಳ್ಳುತ್ತಾನೆ. ಆಮೇಲೆ ಈ ಪೆಟ್ಟಿಗೆಗೆ ಹೊಸ ಮುಚ್ಚಳ ನಾನೇ. ದಯವಿಟ್ಟು ನಡುಗಬೇಡಿ."

"ಹಾಡು ಬಂತೆಂದರೆ ನಮ್ಮ ಮೈ ನಮ್ಮ ಮಾತು ಕೇಳಲ್ಲ ಮಗಾ" ಎಂದಳು ನೀಲವ್ವ. "ಇವಳ ಕೈ ಹಿಡಿದುಕೊಳ್ಳೋಣ ಅಂದರೆ ಎಟುಕಲ್ಲ."

ಚಂದಲೆ ಪುಟ್ಟಾಯಿಯಿಂದ ಅಡುಗೆಮನೆಯ ಒನಕೆ ತರಿಸಿ, ಅಡ್ಡಲಾಗಿ ಒಂದು ತುದಿ ನೀಲವ್ವನಿಗೆ, ಒಂದು ತುದಿ ಕೆಂಚವ್ವನಿಗೆ ಬಿಗಿಯಾಗಿ ಕೊಟ್ಟಳು. ಅರಸ ಮತ್ತೊಂದು ಸಾಲು ಹಾಡಿದ. ಒಬ್ಬಳು ಆಚೆ ಉಬ್ಬಿದರೆ ಇನ್ನೊಬ್ಬಳು ಎಳೆದು ಹಿಡಿದಳು. ಗುಂಯ್ ಅನ್ನುವುದು ಮುಕ್ಕಾಲು ಪಾಲು ಹೋಯಿತು. ಆದರೂ ಸಣ್ಣಗೆ ಒಂದು ರಾಗ ಉಳಿಯಿತು. ಒನಕೆ ಸರಿಯಾಗಿ ನಟ್ಟನಡುವೆ ಕೂತಿತ್ತಲ್ಲ, ಮೇಲಿನ ಅರ್ಧವೂ ಕೆಳಗಿನ ಅರ್ಧವೂ ಜೋಡಿಯಾಗಿ ಒಂದೇ ರಾಗ ಎಳೆಯುತ್ತಿದ್ದವು. ಚಂದಲೆ ಒನಕೆಯನ್ನು ಒಂದು ಗೇಣು ಕೆಳಗೆ ಸರಿಸಿ, ತುದಿಗಳಿಗೆ ಜೇನುಮೇಣ ಮೆತ್ತಿದಳು. ಈಗ ಮೇಲಿನದಕ್ಕೂ ಕೆಳಗಿನದಕ್ಕೂ ತಾಳ ಕೂಡಲಿಲ್ಲ. ಗೋಡೆಗೆ ಬೆರಳಲ್ಲಿ ಬಡಿದು ನೋಡಿದಳು. ಟಪ್. ಅಷ್ಟೇ.

ಮುಸ್ಸಂಜೆಯಾಯಿತು. ಬೂದಿಜಡೆ ಬಾಸಿಂಗ ಕಟ್ಟಿಕೊಂಡು ಬಂದು ನಿಂತ. ಅರಸ ಅವನತ್ತ ನೋಡದೆ ಪೆಟ್ಟಿಗೆಯ ಹಿಂದೆ ಹೋದ. ಕಹಳೆಗೆ ಬಾಯಿಟ್ಟು ಹಾಡಿದ.

ಹಾಡು ಬಂತು. ಬರೀ ಹಾಡು. ಬಗ್ಗಡ ತಂಗಿದ ಮೇಲಿನ ನೀರಿನ ಹಾಗೆ ತಿಳಿಯಾಗಿ ಬೆಟ್ಟ ಹತ್ತಿತು. ಮೊಣಕೈ ಊರಿದ್ದ ಗುಡಾಣ ಕಿವಿಗೊಟ್ಟು ಕೇಳಿದ. ಆಕಳಿಸಿದ. ಮರಗಳು ಬಾಗಿ ಎದ್ದವು. ಮಂಡಿ ಮಡಚಿಕೊಂಡು ಮಗುವಿನ ಹಾಗೆ ಮಲಗಿ ಗೊರಕೆ ಹೊಡೆದ.

"ಏಳೋ ಗುಡಾಣಾ! ಏಳೋ!" ಎಂದು ಮಾಂತ್ರಿಕ ಪೆಟ್ಟಿಗೆಗೆ ಒದ್ದ. ಆದರೆ ಅವನ ಮಂತ್ರಕ್ಕೆ ಆ ಗುಂಯ್ ಅನ್ನುವ ಅಳುವೇ ಊಟವಾಗಿತ್ತು. ಊಟ ತಪ್ಪಿತು, ಮಂತ್ರ ಸತ್ತಿತು. ಹಲಗೆಗಳು ಬರೀ ಹಲಗೆಗಳಾಗಿ ನಿಂತವು. ಅವುಗಳೊಳಗಿಂದ ಇಬ್ಬರು ಹೆಂಗಸರು ಒನಕೆಯ ಒಂದೊಂದು ತುದಿ ಹಿಡಿದುಕೊಂಡೇ ಹೊರಗೆ ಬಂದರು.

"ನಾನು ಸತ್ತೆ ಅಂದೆಯಾ?" ಎಂದಳು ನೀಲವ್ವ.

"ಮಾಟ ಮಾಡಿಸಿದ್ದು ನಾನಾ?" ಎಂದಳು ಕೆಂಚವ್ವ.

ಬಾಸಿಂಗ ಒಂದು ಕಡೆ, ಜಡೆ ಒಂದು ಕಡೆ. ಬೂದಿಜಡೆ ಓಡಿದ ಓಟಕ್ಕೆ ಊರ ನಾಯಿಗಳೇ ದಾರಿ ಬಿಟ್ಟವು. ಈಗ ಗಡಿಯಾಚೆ ತಲೆ ಬೋಳಿಸಿಕೊಂಡು ಹಪ್ಪಳ ಮಾರುತ್ತಾನಂತೆ, ಅದೂ ಕರಿದರೆ ಉಬ್ಬುವುದಿಲ್ಲವಂತೆ.

ಚಂದಲೆ ಪೆಟ್ಟಿಗೆಗೆ ಬೇರೆ ಒನಕೆ ಹೊಂದಿಸಿ ಹೊರಗೆ ಬಂದಳು. ಅಲ್ಲೇ ಅರಮನೆಯ ಮೆಟ್ಟಿಲ ಮೇಲೆ ಕೂತಳು. ಅರಸ ಪಕ್ಕದಲ್ಲಿ ಬಂದು ಕೂತ.

"ತಪ್ಪಾಯಿತು ಮಗಳೇ."

"ಆಯಿತಲ್ಲ ಅಪ್ಪಾಜಿ. ಇನ್ನು ನನ್ನ ವಿಷಯಕ್ಕೆ ನೀರು ಬಿಡೋ ಮೊದಲು ನನ್ನನ್ನು ಕೇಳಿ."

"ಕೇಳುತ್ತೇನೆ."

ಅಷ್ಟರಲ್ಲಿ ಪುಟ್ಟಾಯಿ ಓಡಿ ಬಂದಳು. "ಮದುವೆ ಅಡುಗೆ ಅಷ್ಟೂ ಆಗಿ ಕೂತಿದೆ ತಾಯೀ, ಏನು ಮಾಡೋಣ?"

"ಮದುವೆ ತಪ್ಪಿತು ಅಂತ ಬಡಿಸು!" ಎಂದಳು ಚಂದಲೆ.

ಚಪ್ಪರದಡಿ ಊರೆಲ್ಲ ಎಲೆಯ ಮುಂದೆ ಕೂತಿತು. ನೀಲವ್ವ ಹೋಳಿಗೆ ಬಡಿಸಿದಳು, ಹಿಂದೆಯೇ ಕೆಂಚವ್ವ ತುಪ್ಪ ಬಡಿಸಿದಳು. ಅವರಿಬ್ಬರೂ ಆಮೇಲೆ ಒಂದೇ ಮನೆ ಮಾಡಿಕೊಂಡು ಸುಖವಾಗಿ ಬಾಳಿದರು. ಚಂದಲೆ ಅಂದು ಇನ್ನೊಂದು, ಮತ್ತೊಂದು ಎಂದು ಹಾಕಿಸಿಕೊಂಡು ತಿಂದಳು, ತಿಂದು ಎಲೆಯ ಮುಂದೆಯೇ ತೂಕಡಿಸಿದಳು. ಯಾರೂ ಅವಳನ್ನು ಎಬ್ಬಿಸಲಿಲ್ಲ. ಕೆಂಜಾವಳಿಯವರ ಹೊಟ್ಟೆ ಅಂದು ತಣ್ಣಗಾಯಿತು, ಕತೆ ಕೇಳಿದವರ ಹೊಟ್ಟೆಯೂ ತಣ್ಣಗಿರಲಿ.